ನೀರಿನ ಹಬ್ಬ ಮಾರ್ಚ್‌ನಲ್ಲಿ ಬೇಡ, ನವೆಂಬರ್‌ನಲ್ಲಿ ಮಾಡಿ



ಪ್ರತಿ ವರ್ಷ ಮಾರ್ಚ್ 22ಕ್ಕೆ ನಮ್ಮ ಶಾಲೆಗಳಲ್ಲಿ ವಿಶ್ವ ಜಲ ದಿನದ ಬ್ಯಾನರ್ ಏರುತ್ತದೆ. ಮಕ್ಕಳಿಂದ ಪ್ರತಿಜ್ಞೆ ಹೇಳಿಸಿ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಗಿಯಿತು. ವಿಶ್ವಸಂಸ್ಥೆ 1993ರಿಂದ ಆಚರಿಸುತ್ತಿರುವ ದಿನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಹೊತ್ತಿಗೆ ಮಕ್ಕಳ ತಲೆಯಲ್ಲಿ ಪರೀಕ್ಷೆ, ಕೆರೆಗಳಲ್ಲಿ ಬಿರುಕು. ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕುಗಳಲ್ಲಿ ನೀರಿನ ಪಾಠ ಹೀಗೆ ಹಾರಿಸಿಬಿಡುವ ವಿಷಯವೇ?

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ, ಮಂಜು, ಜಲಪಾತ. ಆದರೆ ದೂರದ ಊರುಗಳಿಗೆ ನೀರು ಹೊರಡುವುದು ಇದೇ ಜಿಲ್ಲೆಯ ನಮ್ಮ ಈ ಮೂರು ತಾಲ್ಲೂಕುಗಳಿಂದ. ಭದ್ರಾ ಅಣೆಕಟ್ಟು ನಿಂತಿರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿತ್ರದುರ್ಗ, ತುಮಕೂರಿನ ಕಡೆ ಹೋಗುವುದು ಅಜ್ಜಂಪುರದ ಸುರಂಗದೊಳಗಿಂದ. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಹುಟ್ಟಿ ಕಡೂರಿನ ಬಯಲಿಗಿಳಿಯುವ ವೇದಾವತಿ ಮುಂದೆ ವಾಣಿವಿಲಾಸ ಸಾಗರ ಸೇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ, ಆ ಜಲಾಶಯ ಕೋಡಿ ಬಿದ್ದಾಗ ನಮ್ಮ ಹುಡುಗರೂ ಮೊಬೈಲಿನಲ್ಲಿ ನೋಡಿ ಖುಷಿಪಟ್ಟರು. ಅದು ನಮ್ಮೂರ ಹೊಳೆಯ ನೀರು ಎಂದು ಅವರಿಗೆ ಹೇಳಿದವರು ಯಾರು?

ನಾವು ಕೆಲವರು ಸೇರಿ ಮಕ್ಕಳಿಗಾಗಿ ಒಂದು ನೀರಿನ ಹಬ್ಬ ಮಾಡೋಣವೆಂದು ಒಂದು ಪಂಚಾಯಿತಿಯ ಮುಂದೆ ಅರ್ಜಿ ಇಟ್ಟೆವು. ‘ಒಳ್ಳೇ ಕೆಲಸ, ಆದರೆ ಯಾವ ಹೆಡ್‌ನಲ್ಲಿ ಖರ್ಚು ಹಾಕೋಣ?’ ಎಂಬ ಉತ್ತರ ಬಂತು. ಹೆಡ್‌ಗೆ ಬರವಿಲ್ಲ ಸ್ವಾಮಿ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯಕ್ಕೇ ಮೀಸಲಿತ್ತು. ಜಲ ಜೀವನ್ ಮಿಷನ್‌ನಲ್ಲಿ ಜನರನ್ನು ಸಜ್ಜುಗೊಳಿಸುವ ಕೆಲಸಕ್ಕೆಂದೇ ಒಂದು ಪಾಲು ಇಡಲಾಗಿದೆ. ಅಟಲ್ ಭೂಜಲ ಯೋಜನೆಗೆ ರಾಜ್ಯದಲ್ಲಿ ಆಯ್ಕೆಯಾದ 14 ಜಿಲ್ಲೆಗಳಲ್ಲಿ ನಮ್ಮದೂ ಒಂದು. ಊರಿನವರೇ ಕೂತು ನೀರಿನ ಜಮಾ-ಖರ್ಚು ಬರೆಯಬೇಕೆಂಬುದೇ ಅದರ ತಿರುಳು. ಆ ಲೆಕ್ಕದ ಪುಸ್ತಕ ಎಷ್ಟು ಊರಿನ ಶಾಲೆಗಳಿಗೆ ಬಂದಿದೆ?

ನನ್ನ ಬೇಡಿಕೆ ದೊಡ್ಡದಲ್ಲ. ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಆದೇಶ ಇದ್ದೇ ಇದೆ. ಬಹಳ ಕಡೆ ಅದು ನಡೆಯುವುದು ನವೆಂಬರ್ ಸುಮಾರಿಗೆ. ಮುಂಗಾರು ಮುಗಿದು ಅಂತರ್ಜಲ ಎಷ್ಟು ಏರಿತೆಂದು ಅಳೆಯುವ ಕಾಲವೂ ಅದೇ. ಅದರ ಜೊತೆಗೇ ಒಂದು ದಿನ ಕೆರೆ ಏರಿಯ ಮೇಲೆ ಹಬ್ಬ ಮಾಡಿ. ಕಡೂರಿನವರಿಗೆ ಅಯ್ಯನಕೆರೆ ಇದೆ, ಮದಗದ ಕೆರೆ ಇದೆ. ತೂಬು ಯಾವುದು, ಕೋಡಿ ಯಾವುದು, ನೀರುಗಂಟಿ ಸರದಿಯ ಮೇಲೆ ಗದ್ದೆಗೆ ನೀರು ಬಿಡುತ್ತಿದ್ದದ್ದು ಹೇಗೆ ಎಂದು ಹಿರಿಯರು ತೋರಿಸಲಿ. ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಪಡೆದ ಹೆಣ್ಣುಮಕ್ಕಳು ಹಳ್ಳಿಗಳಲ್ಲಿದ್ದಾರೆ. ಫ್ಲೋರೈಡ್ ನೋಡುವುದನ್ನು ಅವರೇ ಕಲಿಸಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮಗು ತನ್ನ ಮನೆಯ ಬೋರ್‌ವೆಲ್ ಲೆಕ್ಕ ಬರೆದು ತರಲಿ: ಎಷ್ಟು ಕೊರೆಸಿದೆವು, ಎಷ್ಟು ಅಡಿಗೆ, ಎಷ್ಟು ಇಂಚು ನೀರು ಬಿತ್ತು, ಎಷ್ಟು ಒಣಗಿದವು, ಸಾಲ ಎಷ್ಟಾಯಿತು. ಕೊರೆಯುವ ಪಾಯಿಂಟ್ ತೋರಿಸಿದ್ದು ಯಂತ್ರವೋ ತೆಂಗಿನಕಾಯಿಯೋ ಎಂದೂ ಬರೆಯಲಿ. ಅಡಿಕೆ, ತೆಂಗು ಉಳಿಸಿಕೊಳ್ಳಲು ನಾವು ಏನು ಮಾಡಿದ್ದೇವೆ ಎಂಬುದು ಆ ಒಂದು ಹಾಳೆಯಲ್ಲಿ ಬರುತ್ತದೆ. ಅಧಿಕಾರಿಗಳ ಭಾಷಣ ಕೇಳದ ರೈತ ತನ್ನ ಮಗಳ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಇದು ಹೊಸ ಕಲ್ಪನೆಯೇನಲ್ಲ. ಬಾವಿ ನೀರಿನಿಂದ ಮೆಕ್ಕೆಜೋಳ ಬೆಳೆಯುವ ಅಮೆರಿಕದ ನೆಬ್ರಾಸ್ಕಾದಲ್ಲಿ ಮಕ್ಕಳ ಅಂತರ್ಜಲ ಹಬ್ಬ ಶುರುವಾದದ್ದು 1989ರಲ್ಲಿ. ನಮಗೆ ಅವರಿಗಿಂತ ಹೆಚ್ಚು ತುರ್ತಿದೆ.

ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದದ್ದರಿಂದ ಈ ಅಹವಾಲು ನೇರವಾಗಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ. ಖರ್ಚು ಯಾವ ಹೆಡ್‌ನಲ್ಲಿ ಎಂಬುದನ್ನು ಸ್ಪಷ್ಟಪಡಿಸಿ, ಮೂರೂ ತಾಲ್ಲೂಕಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ಈ ಮಳೆಗಾಲ ಮುಗಿಯುವುದರೊಳಗೆ ಒಂದು ಸುತ್ತೋಲೆ ಹೊರಡಿಸಿ. ಪುರಸಭೆ, ಪಟ್ಟಣ ಪಂಚಾಯಿತಿಗಳೂ ಕೈಜೋಡಿಸಲಿ. ಶಾಮಿಯಾನ, ಊಟದ ಖರ್ಚನ್ನು ಊರಿನವರೇ ನೋಡಿಕೊಳ್ಳುತ್ತೇವೆ.

– ನಿವೃತ್ತ ಶಿಕ್ಷಕ, ಅಜ್ಜಂಪುರ