ಅಡ್ಜಸ್ಟ್ ಮಾಡ್ಕೋ ಅನ್ನೂದು ಬಿಡೂಣು

ಹೋದ ಶುಕ್ರವಾರ ನಮ್ಮ ತಂಗಿ ಮನ್ಯಾಗ ಅರಿಷಿಣ-ಕುಂಕುಮ ಇತ್ತು. ಅಕಿ ಮಗಳು ತವರಮನಿಗೆ ಬಂದಾಳ. ಲಗ್ನ ಆಗಿ ಎಂಟು ತಿಂಗಳಾತು, ಬಿ.ಎಡ್. ಕಡೀ ಪರೀಕ್ಷಾ ಇನ್ನೂ ಉಳದದ. ಅತ್ತಿಮನ್ಯಾಗ ಮುಂಜಾನೆ ನಾಷ್ಟಾ, ಡಬ್ಬಿ, ಆಮ್ಯಾಲೆ ಊಟದ ಅಡಗಿ, ಸಂಜೀಮುಂದ ಬಂದವರಿಗೆ ಛಾ. ಪುಸ್ತಕ ತಗದ್ರ "ಮುಂದಿನ ವರ್ಷ ಕಟ್ಟಿದ್ರಾತು ಬಿಡು" ಅಂತಾರಂತ. ಅಕಿ ಹೇಳಿ ಮುಗಸೂದ್ರಾಗ ನಾವು ಆರು ಮಂದಿ ಹೆಣ್ಣಮಕ್ಕಳು ಒಂದೇ ಧ್ವನಿಲೆ ಅಂದ್ವಿ, "ಸ್ವಲ್ಪ ಅಡ್ಜಸ್ಟ್ ಮಾಡ್ಕೋವಾ." ಆರು ಮಂದ್ಯಾಗ ನಾನೂ ಒಬ್ಬಾಕಿ.

ಹುಡುಗಿ ಸಿಟ್ಟು ಮಾಡಲಿಲ್ಲ. "ಮೌಶಿ, ಅಡ್ಜಸ್ಟ್ ಅಂದ್ರ ಏನು ಮಾಡ್ಲಿ ಹೇಳ್ರಿ. ಓದೂದು ಬಿಡ್ಲೋ, ನಿದ್ದಿ ಬಿಡ್ಲೋ?" ಅಂತ ಕೇಳಿದ್ಲು. ನನ್ನ ಕಡೆ ಉತ್ತರ ಇರಲಿಲ್ಲ. ಕೋಸಂಬರಿ ಬಡಸೂ ನೆವಾ ಮಾಡಿ ಎದ್ದೆ.

ದಿನಕ್ಕ ಹತ್ತು ಸಲ ಈ ಶಬ್ದಾ ಬಳಸ್ತೀವಿ. ಹಾಲು ಕಡಿಮಿ ಬಿದ್ದಾಗ ಛಾಕ್ಕ ನೀರು ಜಾಸ್ತಿ ಹಾಕಿದ್ರ ಅಡ್ಜಸ್ಟ್. ಅಂಗಡ್ಯಾಂವ ಎರಡು ರೂಪಾಯಿ ಚಿಲ್ಲರೆ ಬದಲಿ ಚಾಕ್ಲೇಟ್ ಕೊಟ್ರ ಅಡ್ಜಸ್ಟ್. ಮೂರು ಮಂದಿ ಸೀಟಿಗೆ ನಾಲ್ಕನೇಯಾಕಿ ಬಂದು ನಿಂತ್ರ ಅಡ್ಜಸ್ಟ್. ಇವಕ್ಕೆಲ್ಲಾ ನಂದೇನೂ ತಕರಾರಿಲ್ಲ. ಬಸ್ಸಿನ ಅಡ್ಜಸ್ಟ್ ಅಂತೂ ಭಾಳ ಚಂದ. ಯಾಕಂದ್ರ ಮೂರೂ ಮಂದಿ ಸ್ವಲ್ಪ ಸ್ವಲ್ಪ ಸರದಾಗನೇ ನಾಲ್ಕನೇಯಾಕಿಗೆ ಜಾಗಾ ಆಗೂದು. ಕೂತ ಒಬ್ಬಾಕಿನ್ನ ಎಬ್ಬಿಸಿ ನಿಂದರಿಸಿ ಅದಕ್ಕ ಅಡ್ಜಸ್ಟ್ ಅಂತ ಯಾರೂ ಅನ್ನೂದಿಲ್ಲ.

ಅವತ್ತ ರಾತ್ರಿ ನಿದ್ದಿ ಹತ್ತಲಿಲ್ಲ. ಮಗನ ಹಳೇ ಡಿಕ್ಷನರಿ ತಗದೆ, ಫೋನಿನ್ಯಾಗೂ ಹುಡುಕಿದೆ. ನಂದು ಪಿಯುಸಿ ಇಂಗ್ಲಿಷ್, ಆದ್ರೂ ತಿಳಿಯೂ ಅಷ್ಟು ತಿಳೀತು. ಇಂಗ್ಲಿಷಿನ್ಯಾಗ ಅಡ್ಜಸ್ಟ್ ಅಂದ್ರ ಮೊದಲ ಒಂದು ವಸ್ತುವನ್ನ ಸರಿಯಾಗಿ ಕೂಡಸೂದು. ಗಡಿಯಾರ ಅಡ್ಜಸ್ಟ್ ಮಾಡ್ತಾರ, ಕನ್ನಡಿ ಮಾಡ್ತಾರ, ಚಷ್ಮಾ ಮಾಡ್ತಾರ. ಹೊಲಿಗಿ ಮಶೀನ್ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮ್ಯಾಲಿನ ದಾರ ಅತೀ ಬಿಗಿ ಆದ್ರ ಬಾಬಿನ್ ದಾರ ಎಳಕೊಂಡು ಮ್ಯಾಲೆ ಕಾಣ್ತದ, ತೆಳು ಅರಿವಿ ಇದ್ರ ಸುಕ್ಕ ಬೀಳ್ತದ. ಆವಾಗ ನಾವು ಅರಿವಿಗೆ "ಅಡ್ಜಸ್ಟ್ ಮಾಡ್ಕೋವಾ" ಅಂತೀವೇನು? ಮಶೀನಿನ ಸ್ಕ್ರೂ ಸಡಲ ಮಾಡ್ತೀವಿ. ವಾಯಲ್‌ಗೆ ಒಂದು ಥರ, ದಪ್ಪ ಅರಿವಿಗೆ ಒಂದು ಥರ. ಎರಡೂ ದಾರ ಅರಿವಿ ನಡುವ ಬಂದು ಗಂಟು ಬಿದ್ರನೇ ಹೊಲಿಗಿ ನಿಲ್ಲೂದು.

ಮನುಷ್ಯಾನೇ ಪರಿಸ್ಥಿತಿಗೆ ಒಗ್ಗಿಕೊಳ್ಳೂದು ಅನ್ನೂ ಅರ್ಥ ಇಂಗ್ಲಿಷಿನ್ಯಾಗೂ ಅದ, ಆದ್ರ ಅದು ರೂಢಿಗೆ ಬಂದದ್ದು 20ನೇ ಶತಮಾನದಾಗ. ಅದಕ್ಕಿಂತ ಹಳೇದು ವಿಮಾದವರ ಅರ್ಥ, 18ನೇ ಶತಮಾನದ್ದು. ಅಲ್ಲೆ ಅಡ್ಜಸ್ಟ್ ಅಂದ್ರ ಎಷ್ಟು ಹಾನಿ ಆಗೇದ ಅಂತ ಲೆಕ್ಕಾ ಹಾಕಿ, ಎಷ್ಟು ಕೊಡಬೇಕು ಅಂತ ಠರಾಯಸೂದು. ಓದಿ ನಂಗ ನಗಿ ಬಂತು. ನಮ್ಮ ಹಾನಿ ಲೆಕ್ಕಾ ಹಾಕಲಿಕ್ಕೆ ಯಾರು ಬಂದಿದ್ರು ಹೇಳ್ರಿ!

ಶಬ್ದದ ಮೂಲ ಇನ್ನೂ ಮಜಾ ಅದ. ಲ್ಯಾಟಿನ್‌ದಾಗ ಯುಕ್ಸ್ತಾ ಅಂದ್ರ ಹತ್ರ, ಬಾಜೂಕ. ಅದಕ್ಕ ಮುಂದ 'ಅದ್' ಸೇರಿ, ಹತ್ರ ತರೂದು, ಕೂಡಸೂದು ಅಂತಾತು. ಫ್ರೆಂಚಿಗೆ ಹೋದ ಮ್ಯಾಲೆ ಮಂದಿ ಇದ್ರಾಗ 'ಜಸ್ಟ್', ಅಂದ್ರ ನ್ಯಾಯ, ಅದ ಅಂತ ತಪ್ಪ ತಿಳಕೊಂಡ್ರು. ಆ ತಪ್ಪಿನಿಂದನೇ 'ಸರಿ ಮಾಡೂದು' ಅನ್ನೂ ಅರ್ಥ ಗಟ್ಟಿ ಆತು. ಇವತ್ತೂ ಫ್ರೆಂಚಿನ್ಯಾಗ ಎರಡು ಬ್ಯಾರೆ ಬ್ಯಾರೆ ಶಬ್ದ ಅವ, ಕೂಡಸೂದಕ್ಕ ಅಜೂತೆ, ಸರಿ ಹೊಂದಸೂದಕ್ಕ ಅಜುಸ್ತೆ. ಕುದುರಿ ಮ್ಯಾಲೆ ಕೂತು ಭಲ್ಲೆ ಹಿಡದು ಇಬ್ಬರು ಕಾದಾಡೂದಕ್ಕ ಇಂಗ್ಲಿಷಿನ್ಯಾಗ ಜೌಸ್ಟ್ ಅಂತಾರ, ಅದೂ ಯುಕ್ಸ್ತಾದ ಮಗಳೇ. ಹತ್ರ ಬಂದವರೇ ಅಲ್ಲೇನು ಜಗಳಾಡೂದು!

ಯುಕ್ಸ್ತಾದ ಬೇರು ಹುಡಕೋತ ಹಿಂದ ಹೋದ್ರ ಅದೇ ಬೇರಿನಿಂದ ಬಂದ ಅದ್ರ ಅಕ್ಕ-ತಂಗಿ, ನಮ್ಮ ಸಂಸ್ಕೃತದ ಯುಜ್ ಧಾತು ಸಿಗ್ತದ. ಯೋಗ, ಯುಕ್ತ, ಯುಗ ಎಲ್ಲಾ ಅದ್ರಿಂದ ಬಂದವು. ಯುಗ ಅಂದ್ರ ಸಂಸ್ಕೃತದಾಗ ನೊಗ ಅಂತನೂ ಅರ್ಥ. ಅಂದ್ರ ಅಡ್ಜಸ್ಟ್ ಅನ್ನೂ ಶಬ್ದದ ತಳದಾಗ ಒಂದು ನೊಗ ಕೂತದ, ಮತ್ತ ನೊಗಕ್ಕ ಎರಡು ಕೊಳ್ಳು ಬೇಕು. ನಮ್ಮಪ್ಪನ ಹೊಲದಾಗ ಜೋಡ್ಯಾಗ ಒಂದು ಎತ್ತು ಅಶಕ್ತ ಇದ್ರ, ಭಾರ ಗಟ್ಟಿ ಎತ್ತಿನ ಕಡೆ ಬೀಳೂ ಹಂಗ ನೊಗದ ಕಟ್ಟು ಸರಸ್ತಿದ್ರು. ಎತ್ತಿಗೆ ಮಾಡೂ ಇಷ್ಟು ವಿಚಾರ ಸೊಸೆಗೆ ಯಾಕ ಮಾಡೂದಿಲ್ಲ?

"ನೀ ಭಾಳ ಶಾಣ್ಯಾಕಿ, ಸಂಸಾರ ನಡೀಬೇಕಲ್ಲ, ನಾವೆಲ್ಲಾ ಮಾಡಿಲ್ಲೇನು" ಅಂತ ಸಾವಿತ್ರಿ ವಯಸ್ಸಿನ ಕಾಕೂಗೋಳು ಬಯ್ತೀರಿ, ಗೊತ್ತದ. ಮಾಡೇವಿ. ನಾ ಹೊಂದಾಣಿಕಿ ಬ್ಯಾಡ ಅಂತ ಹೇಳವಲ್ಲೆ. ನಮ್ಮ ಅತ್ತ್ಯಾರು ಹಾಸಿಗಿ ಹಿಡದ ಎರಡು ವರ್ಷ ನಮ್ಮ ಮನಿಯವರು ಮುಂಜಾನೆ ಛಾ ಮಾಡಿ, ಹಾಲು ಕಾಸಿ, ಕುಕ್ಕರ್ ಇಟ್ಟು ಆಫೀಸಿಗೆ ಹೋಗ್ತಿದ್ರು. ಅನ್ನ ಒಂದೊಂದು ದಿನ ಮುದ್ದಿ ಆಗ್ತಿತ್ತು, ಅದನ್ನೇ ಉಂಡ್ವಿ. ಅದಕ್ಕ ನಾ ಅಡ್ಜಸ್ಟ್ ಅಂತೇನಿ. ಅದಕ್ಕ ಮೊದಲ ಇಪ್ಪತ್ತು ವರ್ಷ ನಾ ಒಬ್ಬಾಕಿನೇ ಮಾಡಿದ್ದಕ್ಕ ಬ್ಯಾರೆ ಹೆಸರು ಅದ.

ಅದ್ರ ಹೆಸರು ಕನ್ನಡದಾಗ ಹೇಳಿದ್ರ ಬಾಯಿ ತಡೀತದ, ನನ್ನ ತಕರಾರು ಇರೂದು ಅಲ್ಲೇ. ತಾಳ್ಕೋ, ನುಂಗ್ಕೋ, ಬಿಟ್ಟುಕೊಡು, ಸುಮ್ಮನಿರು. ತಾಳ್ಕೋ ಅಂದ್ರ ಅಲ್ಲೆ ನೋವು ಅದ ಅಂತ ನಾವೇ ಒಪ್ಪಿಕೊಂಡ ಹಂಗ. ಬಿಟ್ಟುಕೊಡು ಅಂದ್ರ ಏನು, ಎಷ್ಟು ದಿನ ಅಂತ ಅಕಿ ಕೇಳ್ತಾಳ. ಅಡ್ಜಸ್ಟ್ ಅಂದ್ರ ಏನೂ ಹೇಳಧಂಗಾತು, ಎಲ್ಲಾ ಹೇಳಿಧಂಗೂ ಆತು. ಆ ಹುಡುಗಿಗೆ "ನೀ ಪರೀಕ್ಷಾ ಬಿಟ್ಟುಬಿಡು" ಅನ್ನಲಿಕ್ಕೆ ನಮ್ಮ ಆರೂ ಮಂದಿಗೆ ಧೈರ್ಯ ಇರಲಿಲ್ಲ. ಅದಕ್ಕ ಇಂಗ್ಲಿಷ್ ಶಬ್ದದ ಸೆರಗಿನ್ಯಾಗ ಮಾರಿ ಮುಚಗೊಂಡ್ವಿ. (ತಾಳಿದವನು ಬಾಳಿಯಾನು ಅಂತ ಗಾದಿ ಅದ. ಅವನು ಅಂತ ಅದ, ಅವಳು ಅಂತಿಲ್ಲ. ಆದ್ರ ಅದನ್ನ ಯಾವ ಗಂಡಸಿಗೆ ಹೇಳಿದ್ದು ನೀವು ಕೇಳೀರಿ?)

ವೈನಿ, ಮೌಶಿ, ಅಕ್ಕಾರ, ಇದನ್ನ ಗಂಡಸರು ಕಲಿಸಿಲ್ಲ, ನಾವೇ ಒಬ್ಬರಿಗೊಬ್ಬರು ದಾಟಿಸೀವಿ. ಇನ್ನ ಮುಂದ ಯಾರರೆ ಹುಡುಗಿ ಬಂದು ಕೂತ್ರ, ಮನ್ಯಾಗ ಯಾರ್ಯಾರು ಎಷ್ಟೆಷ್ಟು ಸರೀತಾರ ಅಂತ ಮೊದಲ ಕೇಳೂಣು.

ನಾನು ನಮ್ಮ ತಂಗಿ ಕೂಡಿ ಸೋಮವಾರ ಬೀಗರ ಮನಿಗೆ ಹೋಗಿದ್ವಿ. ಪರೀಕ್ಷಾ ಮುಗಿಯೂತನಕ ಎರಡು ತಿಂಗಳು ಸಂಜೀ ಅಡಗಿ ಯಾರು ನೋಡ್ತೀರಿ ಅಂತ ನೇರ ಕೇಳಿದೆ. ಬೀಗತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮ್ಯಾಲೆ "ನೋಡೂಣ್ರಿ" ಅಂದ್ರು. ಅಳಿಯಾ ಮಾತ್ರ ತಲಿ ಕೆಳಗ ಹಾಕಿ ಫೋನ್ ನೋಡ್ಕೋತ ಕೂತಿದ್ದ. ಫೀ ತುಂಬಲಿಕ್ಕೆ ಇನ್ನ ಹನ್ನೆರಡು ದಿನ ಅವ. ನಾಳೆ ಅವಂಗೇ ಫೋನ್ ಹಚ್ಚಾಕಿ ಇದ್ದೇನಿ.