ಎಕ್ಕುಟ್ಟೋಯ್ತಾ, ಎಕ್ಕುಟ್ಟಿಸಿದರಾ?

ಮೊಬೈಲು ನೀರಿಗೆ ಬಿತ್ತು, ಎಕ್ಕುಟ್ಟೋಯ್ತು. ಲೆಕ್ಕದ ಪೇಪರು ಕಷ್ಟ ಇತ್ತು, ಎಕ್ಕುಟ್ಟೋಯ್ತು. ಮಂಡ್ಯ, ಹಾಸನ, ಮೈಸೂರು ಕಡೆ ದಿನಕ್ಕೆ ಹತ್ತು ಸಲ ಆಡೋ ಮಾತಿದು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ‘ಬೆಲೆ ಬಿತ್ತು, ರೈತ ಎಕ್ಕುಟ್ಟೋದ’ ಅಂತ ಹೇಳಿ ಕೈ ತೊಳೆದುಕೊಳ್ತೀವಲ್ಲ, ತಕರಾರು ಅಲ್ಲಿದೆ.

ಮಾತನ್ನು ಬಿಡಿಸಿ ನೋಡಿ: ಎಕ್ಕ ಹುಟ್ಟಿ ಹೋಗೋದು. ಎಕ್ಕದ ಗಿಡ ನಿಮಗೆ ಗೊತ್ತೇ ಇದೆ. ಎಲೆ ಮುರಿದರೆ ಹಾಲು ಸುರಿಯುತ್ತೆ, ಪಾಳು ಜಾಗದಲ್ಲಿ ನೀರು ಕೇಳದೆ ಬೆಳೆಯುತ್ತೆ. ರಥಸಪ್ತಮಿ ದಿನ ಅದರ ಎಲೆಯನ್ನೇ ತಲೆ ಮೇಲಿಟ್ಟು ಸ್ನಾನ ಮಾಡ್ತೀವಿ. ಅದೇ ಗಿಡ ಮನೆಯೊಳಗೆ ಎದ್ದರೆ, ಅಲ್ಲಿ ದೀಪ ಹಚ್ಚೋರು ಯಾರೂ ಉಳಿದಿಲ್ಲ ಅಂತ ಅರ್ಥ. ‘ನಿನ್ನ ಮನೆ ಎಕ್ಕುಟ್ಟೋಗ’ ಅನ್ನೋದು ಅಷ್ಟು ದೊಡ್ಡ ಶಾಪ ಆಗಿರೋದು ಅದಕ್ಕೇ.

ಆದರೆ ‘ಎಕ್ಕುಟ್ಟೋಯ್ತು’ ಅಂದಾಗ ಮಾಡಿದವರು ಯಾರೂ ಕಾಣಲ್ಲ. ಗಿಡ ಹುಟ್ಟಿದ ಹಾಗೆ ಎಲ್ಲಾ ತಾನಾಗೇ ಆಯ್ತು ಅನ್ನಿಸುತ್ತೆ.

ಈರುಳ್ಳಿಯನ್ನೇ ತಗೊಳ್ಳಿ. ಮುಂಗಾರಿನ ಬೆಳೆ ಮಂಡಿಗೆ ಬರುತ್ತಿದ್ದ ಹೊತ್ತಲ್ಲೇ, 2023ರ ಡಿಸೆಂಬರ್ 8ರಿಂದ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿತು. ಮಂಡಿ ಬೆಲೆ ಕುಸಿಯಿತು. ನಿಷೇಧ ತೆಗೆದದ್ದು 2024ರ ಮೇ ತಿಂಗಳಲ್ಲಿ. ಇದು ಹಣೆಬರಹವಾ? ಆದೇಶಕ್ಕೆ ತಾರೀಖಿದೆ, ಕೊಟ್ಟವರಿದ್ದಾರೆ. ಪೇಟೆಯ ಬಡವರಿಗೂ ಅಗ್ಗದ ಈರುಳ್ಳಿ ಬೇಕು, ಒಪ್ಪೋಣ. ಆ ಅಗ್ಗದ ಖರ್ಚನ್ನು ಬೆಳೆದವನೊಬ್ಬನೇ ಯಾಕೆ ಹೊರಬೇಕು?

ಇಷ್ಟಾದರೂ ಅರಳಿಕಟ್ಟೆ ಮೇಲೆ ಕೂತು ಹೇಳೋದೇನು? ‘ಅವನಿಗೆ ಈರುಳ್ಳಿ ಯಾಕೆ ಬೇಕಿತ್ತು, ಎಕ್ಕುಟ್ಟೋದ.’ ಸಾಲದ ಜೊತೆ ತಪ್ಪನ್ನೂ ಅವನ ತಲೆಗೇ ಕಟ್ಟಿದೆವು. ಆದೇಶ ಹೊರಡಿಸಿದವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ನಮ್ಮ ಭಾಷೆ ಬಡವಲ್ಲ. ಎಕ್ಕುಟ್ಟಿಸೋದು ಅನ್ನೋ ಮಾತೂ ನಮ್ಮಲ್ಲೇ ಇದೆ. ಗಾಡಿ ಕೆಡಿಸಿದ ಮೆಕ್ಯಾನಿಕ್ಕಿಗೆ ‘ಎಕ್ಕುಟ್ಟಿಸಿಬಿಟ್ಟೆಯಲ್ಲೋ’ ಅಂತ ಮುಖಕ್ಕೇ ಹೇಳ್ತೀವಿ. ಓಟು ಕೇಳೋಕೆ ಬಂದವರ ಮುಂದೆ ಮಾತ್ರ ಅದು ನಾಲಿಗೆಗೆ ಬರಲ್ಲ.

ಇನ್ನು ಮೇಲೆ ಮೊಬೈಲು ಎಕ್ಕುಟ್ಟೋಗಲಿ. ರೈತನ ವಿಷಯಕ್ಕೆ ಮಾತ್ರ ‘ಎಕ್ಕುಟ್ಟಿಸಿದರು’ ಅನ್ನೋಣ. ಹಾಗಂದ ತಕ್ಷಣ ಪಕ್ಕದವರು ‘ಯಾರು?’ ಅಂತ ಕೇಳೇ ಕೇಳ್ತಾರೆ. ನಮಗೆ ಬೇಕಿರೋದು ಆ ಪ್ರಶ್ನೆ.