ಪರ್ಫ್ಯೂಮ್ ತೂಗುಹಾಕಿದ್ರೆ ಲೀಕ್ ನಿಲ್ಲಲ್ಲ (ಭಾಗ 3)

ಕಾರೊಳಗೆ ವಾಸನೆ ಬಂದ್ರೆ ನಮ್ಮವರು ಮೊದಲು ಮಾಡೋದೇ ಮಲ್ಲಿಗೆ ಪರ್ಫ್ಯೂಮ್ ತಂದು ತೂಗುಹಾಕೋದು. ಗುರೂ, ಮೊದಲು ಬಗ್ಗಿ ಮ್ಯಾಟ್ ಎತ್ತಿ ನೋಡು! ಬರೀ ನೀರಿದ್ರೆ ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿರಬಹುದು. ಅಂಟಂಟು, ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡು ಮಂಜು ಇದ್ರೆ? ಹೀಟರ್ ಕೋರ್‌ನಿಂದ ಕೂಲಂಟ್ ಸೋರ್ತಿದೆ ಅಂತ್ಲೇ ಅನುಮಾನಪಡಬೇಕು. ಅದರಲ್ಲಿರೋ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿ ಅಂತ ನಾಯಿ ನೆಕ್ಕಿದ್ರೆ ಕಿಡ್ನಿ ಕೆಟ್ಟು ಸಾಯಬಹುದು.

"ನೀರು ಹಾಕ್ಕೊಂಡು ಓಡ್ಸಿ ಸಾರ್" ಅಂದ ಮೆಕ್ಯಾನಿಕ್ ಮಾತು ನಂಬಿ ನಮ್ಮಪ್ಪ ಎರಡು ತಿಂಗಳು ಹಾಗೇ ಓಡ್ಸಿದ್ರು. ರಿಪೇರಿ ಆದ್ಮೇಲೂ ವಾಸನೆ ಹೋಗಲಿಲ್ಲ. ಕಾರ್ಪೆಟ್ ಬಿಚ್ಚಿದ್ರೆ, ಕೆಳಗಿನ ಸ್ಪಂಜು ಅಷ್ಟನ್ನೂ ಕುಡಿದು ಕೂತಿತ್ತು! ಸೀಟು ಕಳಚಿ, ತೊಳೆದು, ಬಿಸಿಲಿಗೆ ಹಾಕಿದ್ಮೇಲೇ ಅಜ್ಜಿ ಮೂಗು ಮುಚ್ಚದೆ ಕಾರು ಹತ್ತಿದ್ದು. ಆ ಮಲ್ಲಿಗೆ ಬಾಟ್ಲಿ ಬೇಕಾದವರು ಡಿಎಂ ಮಾಡಿ.